ಎಳೆಯ ತುದಿ

"ನುಂಗ್ರಿ, ಒಂದ ಗುಟುಕರ ನುಂಗ್ರಿ," ಅಂದಳು ಸಾವಕ್ಕ. ಲಕ್ವಾ ಹೊಡೆದ ಗಂಡನ ಬಾಯಿಗೆ ಹಾಕಿದ ಗಂಜಿ ಕಟವಾಯಿಯಿಂದ ಮತ್ತೆ ಗದ್ದಕ್ಕೆ ಇಳಿಯಿತು. ಮೂರು ದಿನದಿಂದ ಇದೇ ಪಾಡು. ಹುಚ್ಚಪ್ಪನ ಕಣ್ಣಲ್ಲಿ ಹಸಿವಿತ್ತು. ನುಂಗುವುದು ಮಾತ್ರ ಮರೆತುಹೋಗಿತ್ತು. "ಬಾಯಿಗೆ ಹಳೇ ರೂಢಿ ತಿರುಗಿ ಬರಬೇಕವಾ," ಎಂದಷ್ಟೇ ಹೇಳಿ ಡಾಕ್ಟರು ರೋಣದ ಬಸ್ಸು ಹತ್ತಿದ್ದರು.

ಹಳೇ ರೂಢಿ! ಸಾವಕ್ಕ ದಡಬಡಿಸಿ ಎದ್ದು, ಮಗ್ಗದ ಮೇಲಿದ್ದ ಲಾಳಿ ತಂದು ಅವನ ತುಟಿಗಿಟ್ಟಳು. ನಲವತ್ತು ವರ್ಷ ಲಾಳಿಯ ತೂತಿಗೆ ಬಾಯಿ ಹಚ್ಚಿ, ಒಳಗಿನ ನೂಲನ್ನು ಹೀರಿ ಹೊರಗೆಳೆದ ನೇಕಾರ ಅವನು. ತುಟಿ ತಾನಾಗಿ ಮುದುಡಿತು. ಸುರ್ರೆಂದು ಎಳೆ ಬಾಯಿಗೆ ಬಂತು.

"ಬಂತ್ರಿ! ಹಿಂಗ ಜಗ್ಗ್ರಿ, ಹಿಂಗ!" ಲಾಳಿಯನ್ನು ಅತ್ತ ಒಗೆದು ಗಂಜಿಯ ಬಟ್ಟಲು ಹಿಡಿದಳು. ಅವನು ಹೀರಿದ. ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಉಸಿರು ಬಿಗಿಹಿಡಿದು ಅವನ ಗಂಟಲನ್ನೇ ನೋಡಿದಳು.

ಗಂಟಲು ಮಿಸುಕಲಿಲ್ಲ. ನೂಲನ್ನು ಯಾವ ನೇಕಾರನೂ ನುಂಗುವುದಿಲ್ಲ; ತುಟಿಯವರೆಗೆ ಎಳೆದು ಕೈಗೆ ಕೊಡುತ್ತಾನೆ. ಹುಚ್ಚಪ್ಪ ತುಂಬಿದ ಬಾಯನ್ನು ಅವಳತ್ತ ಚಾಚಿ, ಎಳೆಯ ತುದಿಯನ್ನು ಯಾರಾದರೂ ಹಿಡಿಯಲೆಂಬಂತೆ ಕಾಯುತ್ತಿದ್ದ.

ಸಾವಕ್ಕ ಸೆರಗು ಒಡ್ಡಿದಳು.