ತೋಟದಲ್ಲಿ ಕೇಳಿದ ಬ್ಯಾಗ್‌ಪೈಪ್

ಎಡಿನ್‌ಬರೋ ಕೋಟೆಯ ಮುಂದೆ ಯಾರೋ ಬ್ಯಾಗ್‌ಪೈಪ್ ಊದುತ್ತಿದ್ದಾರೆ. ಪ್ರವಾಸಿಗಳ ನಡುವೆ ನಿಂತ ನನಗೆ ನೀಲಗಿರಿಯ ನಮ್ಮೂರು ಹುಬ್ಬತಲೈಯ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಅಂದು ನಮ್ಮ ಟೀ ತೋಟದಲ್ಲಿ ಅಜ್ಜಿ, ಚಿಕ್ಕಪ್ಪ ಎಲೆ ಕೊಯ್ಯುತ್ತಿದ್ದರು, ಜೊತೆಗೆ ನಾನಿದ್ದೆ. ಕೆಳಗಿನ ಹಳೆಯ ಎಸ್ಟೇಟಿನಿಂದ ವಾದ್ಯದ ದನಿ ಬಂತು. ಹಾಗೆ ಎಳೆದೆಳೆದು ಊದುವ ರಾಗ ನಮ್ಮೂರಲ್ಲಿ ಸಾವಿನ ಮನೆಯಲ್ಲೇ ಕೇಳುತ್ತಿದ್ದುದು. ಅಜ್ಜಿ ಬುಟ್ಟಿ ಇಳಿಸಿ, ಬಿಳಿ ಶಾಲು ಸರಿಪಡಿಸಿಕೊಂಡು ಅತ್ತ ನಡೆದಳು. ನಾವೂ ಹಿಂದೆ ಹೋದೆವು.

ಪಾಚಿ ಹಿಡಿದ ಸಮಾಧಿಯ ಮುಂದೆ ಸ್ಕಾಟ್ಲೆಂಡಿನ ಹೆಂಗಸೊಬ್ಬಳು ಒಂಟಿಯಾಗಿ ನಿಂತು ಊದುತ್ತಿದ್ದಳು. ಚಿಕ್ಕಪ್ಪ ಇಂಗ್ಲಿಷಿನಲ್ಲಿ ವಿಚಾರಿಸಿ ನಕ್ಕ.

“ಇವಳ ಮುತ್ತಜ್ಜನಂತೆ, ಅವ್ವೆ. ಸತ್ತು ನೂರು ವರ್ಷ ಆಯ್ತಂತೆ. ನಡಿ, ಎಲೆ ಒಯ್ಯೋ ಫ್ಯಾಕ್ಟರಿ ಲಾರಿ ಹೋಗಿಬಿಡ್ತದೆ.”

“ಹಲ್ಲು ಬಿಡಬೇಡ. ಅವನು ಸತ್ತಾಗ ಮನೆಯವರು ಯಾರಾದ್ರೂ ಇದ್ರಾ, ಕೇಳು.”

ಯಾರೂ ಇರಲಿಲ್ಲವಂತೆ. ಹಡಗಿನಲ್ಲಿ ಸುದ್ದಿ ಊರು ಮುಟ್ಟುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವಂತೆ.

“ಹಂಗಾದ್ರೆ ಸಾವು ಇವತ್ತೇ” ಎಂದು ಅಜ್ಜಿ ಹುಲ್ಲಿನ ಮೇಲೆ ಕೂತಳು. ಆ ಹೆಂಗಸನ್ನೂ ಪಕ್ಕಕ್ಕೆ ಎಳೆದು ಕೂರಿಸಿ, ನಮ್ಮೂರ ಹೆಂಗಸರಂತೆ ಅವಳ ಹಣೆಗೆ ಹಣೆ ಆನಿಸಿ ದನಿ ತೆಗೆದು ಅತ್ತಳು. ಸ್ವಲ್ಪ ಹೊತ್ತಿಗೆ ಅವಳೂ ಅತ್ತಳು.

ಸಾವಾದ ಮನೆಯವರು ಒಲೆ ಹಚ್ಚಬಾರದೆಂದು ಆ ಸಂಜೆ ಅಜ್ಜಿ ಅವಳನ್ನು ಮನೆಗೆ ಕರೆತಂದಳು. ಅವಳು ಮುದ್ದೆ, ಅವರೆಸಾರು ಉಂಡು, ಅಜ್ಜಿಯ ಪಕ್ಕದಲ್ಲೇ ಮಲಗಿದಳು.