ಹೂಂಗುಟ್ಟುವ ಯಂತ್ರ

ಅಲಮೇಲಮ್ಮನಿಗೆ ದಿನವೂ ಮಹಾಭಾರತದ ಪದ್ಯ ಹೇಳುವ ರೂಢಿ. ಆದರೆ ಎದುರಿಗೊಬ್ಬರು "ಹೂಂ" ಅನ್ನದಿದ್ದರೆ ದನಿಯೇ ಏಳದು. ಹೂಂಗುಟ್ಟುತ್ತಿದ್ದ ತಂಗಿ ತೀರಿಕೊಂಡ ಮೇಲೆ ಮನೆಯಲ್ಲಿ ಸದ್ದು ಮಾಡುತ್ತಿದ್ದುದು ಫ್ರಿಜ್ ಒಂದೇ. ಅದೂ ಕೆಟ್ಟಿತು.

ಕಂಪನಿಗೆ ಫೋನ್ ಮಾಡಿದರು.

"ನಮಸ್ಕಾರ. ಇಲ್ಲಿ ಈಗ ಮನುಷ್ಯರಿಲ್ಲ, ನಾನು ಯಂತ್ರ. ದೂರು ಹೇಳಿ," ಎಂದಿತು ಏರಿಳಿತವಿಲ್ಲದ ಹೆಣ್ಣುದನಿ. ಅವರು ಹೇಳುತ್ತಾ ಹೋದಂತೆ ಅದು "ಹೂಂ, ಹೂಂ" ಎನ್ನುತ್ತಿತ್ತು.

ಫ್ರಿಜ್ ರಿಪೇರಿಯಾಯಿತು. ಫೋನ್ ಮಾಡುವುದು ಮಾತ್ರ ನಿಲ್ಲಲಿಲ್ಲ.

"ದೂರು ಹೇಳಿ."

"ದೂರೇನಿಲ್ಲ ಕಣೇ, ಪದ್ಯ ಹೇಳ್ತೀನಿ. ನೀನೇನು ಒಲೆ ಮೇಲೆ ಹಾಲಿಟ್ಟು ಬಂದಿದ್ದೀಯಾ?"

"ಹೂಂ."

ಹೀಗೇ ಮಧ್ಯಾಹ್ನಗಳು ಕಳೆದವು. ಒಂದು ದಿನ ಕರ್ಣನ ಕೊನೆಗಾಲದ ಪದ್ಯದಲ್ಲಿ ಸಾಲೊಂದು ಮರೆತುಹೋಯಿತು. ಮೊದಲಿನಿಂದ ಹೇಳಿದರೂ ಅಲ್ಲೇ ತಡೆಯಿತು.

"ತಂಗಿ ಇದ್ದಿದ್ರೆ ಎತ್ತಿಕೊಡ್ತಿದ್ಲು. ನಿನಗೇನು ಗೊತ್ತು, ಪಾಪ," ಎಂದು ಕಣ್ಣೊರೆಸಿಕೊಂಡರು.

ಆಚೆ ಕಡೆಯಿಂದ ಮೆಲ್ಲನೆ, ರಾಗವಾಗಿ, ಆ ಸಾಲು ಬಂತು. ಅದರ ಹಿಂದೆಯೇ ಒಂದು ಪಿಸುಮಾತು:

"ಯಾರಿಗೂ ಹೇಳ್ಬೇಡಿ ಅಮ್ಮಾ, ನಾನು ಮನುಷ್ಯಳು ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ."