ಒಂದೇ ಥರದ ಹೊಲಿಗೆ

ದೋಣಿ ಇನ್ನೇನು ಹೊರಡಬೇಕು, ಟೈಲರ್ ಅದರ ಹಗ್ಗ ಹಿಡಿದುಕೊಂಡ.

“ಬಿಡಿ ಮಾವ, ಮಕ್ಕಳು ಕೆರೆ ಸುತ್ತಿ ಬರಲಿ. ನೀವು ಪುಕ್ಕಟೆ ಹೊಲಿದುಕೊಟ್ಟ ಜಾಕೆಟ್ ಇದೆಯಲ್ಲ, ಮುಳುಗು ಅಂದ್ರೂ ಮುಳುಗಲ್ಲ!” ಅಂಬಿಗ ನಕ್ಕ.

ಊರಿನ ಸ್ವಯಂಸೇವಕರು ಮಕ್ಕಳಿಗಾಗಿ ಏರ್ಪಡಿಸಿದ್ದ ಈ ವಿಹಾರಕ್ಕೆ ತೇಲುವ ಜಾಕೆಟ್‌ಗಳನ್ನು ಹೊಲಿದವನು ಅವನೇ. ಕೊನೆಯದಕ್ಕೆ ಫೋಮ್ ಸಾಲದೆ, ಒಪ್ಪಿಕೊಂಡ ಮಾತು ತಪ್ಪಬಾರದೆಂದು ಹಳೆಯ ದಿಂಬಿನ ಹತ್ತಿ ತುಂಬಿದ್ದ. ಯಾರಿಗೂ ಗೊತ್ತಾಗದಂತೆ ಅದೇ ಬಟ್ಟೆ, ಅದೇ ಹೊಲಿಗೆ. ದಡದಲ್ಲೇ ಇರುವ ತಾನು ತೊಟ್ಟರಾಯಿತೆಂದು ಬೇರೆ ಎತ್ತಿಟ್ಟಿದ್ದ. ಈಗ ಆ ಜಾಗ ಖಾಲಿ.

“ತಾತ, ಹಗ್ಗ ಬಿಡು!” ದೋಣಿಯಿಂದ ಮೊಮ್ಮಗಳು ಕೂಗಿದಳು.

ಅವನು ಒಂದೊಂದೇ ಜಾಕೆಟ್ಟನ್ನು ದಿಟ್ಟಿಸಿದ. ಹತ್ತಿ ಯಾವುದರಲ್ಲಿದೆಯೆಂದು ಹೊಲಿದವನಿಗೇ ಗುರುತು ಸಿಗಲಿಲ್ಲ.

“ಇಳೀರಿ, ಎಲ್ರೂ ಇಳೀರಿ! ಒಂದರಲ್ಲಿ ಹತ್ತಿ ತುಂಬಿದ್ದೀನಿ,” ಎಂದು ಊರಿಗೆಲ್ಲ ಕೇಳುವಂತೆ ಕೂಗಿದ.